ಪೊರಕೆ ಮುಟ್ಟದ ನಾಲ್ಕು ದಿನ

“ತವಾ, ಆ ಬುಟ್ಟಿ ಮುಟ್ಟಬೇಡ.”

ನನ್ನ ಕೈ ಅರ್ಧದಲ್ಲೇ ನಿಂತಿತು. ಟೀ ಕುಡಿದ ಕಾಗದದ ಲೋಟವನ್ನು ಮೇಜಿನ ಪಕ್ಕದ ಕಸದ ಬುಟ್ಟಿಗೆ ಹಾಕಲು ಹೊರಟಿದ್ದೆ, ಅಷ್ಟೇ. ಇನ್ಸ್‌ಪೆಕ್ಟರ್ ಹಾಲಿಜಾ ಆಗಲೇ ನೆಲಕ್ಕೆ ಮೊಣಕಾಲೂರಿ, ತಲೆವಸ್ತ್ರದ ಅಂಚನ್ನು ಹೆಗಲ ಹಿಂದಕ್ಕೆ ಎಸೆದು, ಬುಟ್ಟಿಯೊಳಗೆ ಇಣುಕುತ್ತಿದ್ದರು.

“ಪುವಾನ್, ಕಾಣೆಯಾಗಿರೋದು ಡಿಎನ್‌ಎ ಪೊಟ್ಟಣ. ಅದನ್ನ ಯಾರೂ ಕಸಕ್ಕೆ ಹಾಕಿರಲ್ಲ,” ಎಂದೆ. ಪುವಾನ್ ಅಂದರೆ ಇಲ್ಲಿಯವರ ಮಾತಿನಲ್ಲಿ ಮೇಡಂ.

“ನೀನು ಓದಿದವನು, ಮೇಲೆ ನೋಡು. ನಾನು ಪೊಲೀಸಿನವಳು, ಕೆಳಗೆ ನೋಡ್ತೀನಿ.”

ಐವತ್ನಾಲ್ಕರ ಈ ಹೆಂಗಸಿನ ಜತೆ ನಾನು ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪತ್ತೆ ಮಾಡುವುದು ಅವರ ಪಾಲು, ಜೀವಶಾಸ್ತ್ರ ಬಿಡಿಸಿ ಹೇಳುವುದು ಮತ್ತು ವರದಿ ಬರೆಯುವುದು ತವಮಣಿ ಎಂಬ ನನ್ನ ಪಾಲು. ನಮ್ಮಿಬ್ಬರ ಕೈಯಿಂದ ಇದುವರೆಗೆ ಒಂದು ಕೇಸೂ ಜಾರಿಲ್ಲ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನಲ್ಲಿರುವ ಈ ಹೊಕ್ ಸೆಂಗ್ ಕಂಪನಿ ಡಿಎನ್‌ಎ ತಯಾರಿಸಿ ಮಾರುತ್ತದೆ. ಪ್ರಯೋಗಾಲಯದವರು ತಮಗೆ ಬೇಕಾದ ಅಕ್ಷರಗಳ ಸಾಲನ್ನು ಕಳಿಸಿದರೆ, ಯಂತ್ರ ಅದನ್ನು ನಿಜವಾದ ಡಿಎನ್‌ಎ ಆಗಿ ಜೋಡಿಸಿ ಕೊಡುತ್ತದೆ. ಕಾಣೆಯಾದ ಪೊಟ್ಟಣದಲ್ಲಿದ್ದದ್ದು ನಿಷೇಧದ ಪಟ್ಟಿಯಲ್ಲಿ ಹೆಸರಿರುವ ಒಂದು ವೈರಾಣುವಿನ ಅರ್ಧ ಭಾಗ. ಇನ್ನರ್ಧ ಹೋದ ವಾರವೇ ಜೋಹೊರಿನ ಬೇರೊಂದು ಕಂಪನಿಯಿಂದ ಮಾಯವಾಗಿತ್ತು. ಎರಡೂ ಒಂದೇ ಕೈ ಸೇರಿದರೆ ಏನಾಗಬಹುದೆಂದು ನಾನು ಬಲ್ಲೆ.

ಯಂತ್ರವೂ ಇದ್ದ ಆ ಪಾರ್ಸೆಲ್ ಕೋಣೆಯ ಬಾಗಿಲ ಬಳಿ ಓಂಗ್ ಸ್ವೀ ಗೇಕ್ ನಿಂತಿದ್ದಳು. ಇಪ್ಪತ್ತೊಂಬತ್ತರ ತಪಾಸಣಾಧಿಕಾರಿ. ಚೀನೀ ಹೊಸ ವರ್ಷದ ಹಬ್ಬಕ್ಕೆಂದು ಹೊಲಿಸಿದ ಕೆಂಪು ಉಡುಪು, ಅತ್ತು ಊದಿದ ಕಣ್ಣು. ಬಂದ ಪ್ರತಿ ಆರ್ಡರನ್ನೂ ನಿಷೇಧದ ಪಟ್ಟಿಯ ಜತೆ ಹೋಲಿಸಿ ನೋಡುವುದು, ಕೇಳಿದವರು ನಿಜಕ್ಕೂ ಯಾರೆಂದು ವಿಚಾರಿಸುವುದು ಅವಳ ಕೆಲಸ. ಜನವರಿಯಿಂದ ಬಂದ ಹೊಸ ಕಾನೂನಿನ ಪ್ರಕಾರ, ತಪಾಸಣೆ ಪಾಸಾಯಿತು ಎಂಬಲ್ಲಿ ಯಾರ ಹೆಸರಿದೆಯೋ ಅವರೇ ಕೋರ್ಟಿಗೆ ಉತ್ತರ ಕೊಡಬೇಕು. ಏಳು ವರ್ಷದವರೆಗೆ ಜೈಲು.

ಈ ಆರ್ಡರಿನ ಮುಂದೆ ಇದ್ದದ್ದು ಅವಳ ಹೆಸರು.

“ನಾನು ಪಾಸ್ ಮಾಡಿಲ್ಲ ಪುವಾನ್,” ಎಂದಳು. “ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಯೂನಿವರ್ಸಿಟಿ ಹೆಸರಲ್ಲಿ ಬಂತು. ನೋಡಿದ ತಕ್ಷಣ ಕೆಂಪು ಗುರುತು ಹಾಕಿದೆ. ಅರ್ಜೀಲಿ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಲಿಲ್ಲ, ಯೂನಿವರ್ಸಿಟಿ ಡೈರೆಕ್ಟರಿ ತೆಗೆದು ಅಲ್ಲಿರೋ ನಂಬರಿಗೆ ಮಾಡ್ದೆ. ರಜಾ, ಯಾರೂ ಎತ್ತಲಿಲ್ಲ. ಬಾಕಿ ಅಂತ ಇಟ್ಟು ಒಂದು ಗಂಟೆಗೆ ಮನೆಗೆ ಹೋದೆ. ಇವತ್ತು ಬಂದು ನೋಡಿದರೆ ಪಾಸಾಗಿದೆ. ನಾನೇ ತಾನೆ ನಿಮಗೆ ಫೋನ್ ಮಾಡಿದ್ದು?”

“ಫೋನ್ ಮಾಡಿದವರೆಲ್ಲ ಸಾಚಾನಾ?” ಎಂದ ಪಕ್ಕದಲ್ಲಿದ್ದ ಮಾರಾಟ ವಿಭಾಗದ ಚಿಯಾ. ಹೊಸ ಬೂಟು, ಹೊಸ ಗಡಿಯಾರ. “ಅವಳ ಕಾರ್ಡು ಉಜ್ಜಿದ್ರೇನೇ ಕಂಪ್ಯೂಟರ್ ಪಾಸ್ ಅನ್ನೋದು. ಮಧ್ಯಾಹ್ನ ಮೂರೂಕಾಲಿಗೆ ಉಜ್ಜಿದೆ. ಮಿಷನ್ ಸುಳ್ಳು ಹೇಳಲ್ಲ.”

“ಬೇಗ ಮುಗಿಸು, ಬೇಗ ಮುಗಿಸು ಅಂತ ಅವತ್ತು ಬೆಳಗ್ಗೆಯಿಂದ ನನ್ನ ತಲೆ ಮೇಲೆ ಕೂತಿದ್ದು ಯಾರು?” ಎಂದಳು ಸ್ವೀ ಗೇಕ್.

“ಗಿರಾಕಿಗಳನ್ನ ಕಾಯಿಸಬೇಡ ಅಂದೆ. ವೈರಸ್ ಮಾರು ಅಂದೆನಾ?”

ನನ್ನ ಫೋನು ಕುಣಿಯಿತು. ನಮ್ಮ ಘಟಕದ ಮುಖ್ಯಸ್ಥ ಡಾಕ್ಟರ್ ಯೆಯಾಪ್. ಹೊಸ ಕಾನೂನಿನ ಕರಡು ಬರೆದವರು ಅವರೇ. ಬೆಳಿಗ್ಗೆ ಆಫೀಸಿಗೆ ಹೋದವನೇ ಅವರ ಮೇಜಿನ ಮೇಲೆ ಹಬ್ಬದ ಕಿತ್ತಳೆ ಚೀಲ ಇಟ್ಟು ಶುಭಾಶಯ ಹೇಳಿ ಬಂದಿದ್ದೆ. ಆಗಿನ ನಗು ಈಗಿನ ದನಿಯಲ್ಲಿರಲಿಲ್ಲ.

“ಐದು ಗಂಟೆಗೆ ಸಚಿವಾಲಯಕ್ಕೆ ವರದಿ ಹೋಗಬೇಕು, ತವಮಣಿ. ವರದೀಲಿ ಒಂದು ಹೆಸರಿರಬೇಕು. ಕಂಪ್ಯೂಟರ್ ಕೊಟ್ಟಿರೋ ಹೆಸರು ಸಾಲದಾ?”

ಫೋನಿಟ್ಟ ಮೇಲೆ ಸ್ವೀ ಗೇಕ್ ನನ್ನನ್ನೇ ನೋಡಿದಳು. ನಾನು ಸ್ವಲ್ಪ ಗತ್ತಿನಿಂದಲೇ ಹೇಳಿದೆ: “ಹೆಸರು ಯಾರದ್ದೇ ಆಗಲಿ, ಐದಕ್ಕೆ ಬರೆದು ಮುಗಿಸೋದು ನನ್ನ ಕೆಲಸ. ನಿಮ್ಮ ಮೇಲೆ ನನಗೇನೂ ದ್ವೇಷ ಇಲ್ಲ.”

“ಬರೆಯೋರಿಗೇನು,” ಎಂದಳು. “ಕೈ ಸ್ವಲ್ಪ ನೋಯುತ್ತೆ, ಅಷ್ಟೇ.”

ಹಾಲಿಜಾ ಬುಟ್ಟಿಯಿಂದ ಏನನ್ನೋ ಚಿಮಟದಲ್ಲಿ ಮೇಲೆತ್ತಿದರು. ಕಿತ್ತಳೆ ಸಿಪ್ಪೆ. ಒಂದೇ ಉದ್ದನೆಯ ಪಟ್ಟಿ, ಎಲ್ಲೂ ಹರಿದಿಲ್ಲ, ಸುರುಳಿಯಾಗಿ ತೂಗುತ್ತಿತ್ತು. ಇನ್ನೂ ಮೆತ್ತಗಿತ್ತು. ಹೀಗೆ ಸುಲಿಯುವ ಕೈಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಪೆನಾಂಗಿನಲ್ಲಿ ಹಬ್ಬದ ಹದಿನೈದು ದಿನವೂ ಯಾರ ಕೈ ನೋಡಿದರೂ ಕಿತ್ತಳೆಯೇ, ಹಾಗಾಗಿ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

“ಈ ಬುಟ್ಟಿ ಕೊನೇ ಸಲ ಖಾಲಿ ಮಾಡಿದ್ದು ಯಾವಾಗ?”

“ಹಬ್ಬದ ಹಿಂದಿನ ದಿನ ಹನ್ನೆರಡಕ್ಕೆ,” ಎಂದಳು ಸ್ವೀ ಗೇಕ್. “ಇಡೀ ಆಫೀಸು ಗುಡಿಸಿ ತೊಳೆದ್ರು. ಆಮೇಲೆ ಯಾರೂ ಪೊರಕೆ ಮುಟ್ಟಿಲ್ಲ.”

“ಇವತ್ತು ಬೆಳಿಗ್ಗೆ?”

“ಇವತ್ತೂ ಇಲ್ಲ. ಸಿಂಹದ ವೇಷದವರು ಬಂದು ಕುಣಿದು ಹೋಗೋವರೆಗೂ ಗುಡಿಸೋ ಹಾಗಿಲ್ಲ, ಗುಡಿಸಿದ್ರೆ ವರ್ಷದ ಅದೃಷ್ಟಾನೂ ಹೊರಗೆ ಹೋಗುತ್ತಂತೆ. ಮಾಲೀಕರು, ನಮ್ಮ ಟೌಕೆ, ಸುಮ್ಮನೆ ಬಿಡಲ್ಲ.”

ಹಾಲಿಜಾ ತೃಪ್ತಿಯಿಂದ ತಲೆಯಾಡಿಸಿ ಸಿಪ್ಪೆಯನ್ನು ಚೀಲಕ್ಕೆ ಹಾಕಿ ಮುಚ್ಚಿದರು. “ತವಾ, ಆ ಮಿಷನ್ ಏನು ಹೇಳುತ್ತೆ ಕೇಳು.”

ಯಂತ್ರದ ದಿನಚರಿ ಓದುವುದು ನನಗೆ ನೀರು ಕುಡಿದಷ್ಟು ಸುಲಭ. ಅಣ್ಣ ಕದಿರೇಶನ್ ಕಲಿಸಿದ್ದು. ಈ ದ್ವೀಪದ ಅರ್ಧ ಪ್ರಯೋಗಾಲಯಗಳ ಯಂತ್ರ ರಿಪೇರಿ ಮಾಡುವವನು ಅವನೇ. ಅಪ್ಪ ಹೋದ ಮೇಲೆ ತನ್ನ ಓದು ಬಿಟ್ಟು ನನ್ನನ್ನು ಓದಿಸಿದವನೂ ಅವನೇ. ಎರಡು ಗುಂಡಿ ಒತ್ತಿ ಹೇಳಿದೆ: “ಪಾಸಾದ ಕೂಡಲೇ ಕೆಲಸ ತಾನಾಗೇ ಶುರುವಾಗಿದೆ. ಮುಗಿದಿದ್ದು ನಿನ್ನೆ ಬೆಳಿಗ್ಗೆ ಹನ್ನೊಂದೂ ನಲವತ್ತಕ್ಕೆ. ಹನ್ನೊಂದೂ ನಲವತ್ತೈದಕ್ಕೆ ಯಾರೋ ಮುಚ್ಚಳ ತೆಗೆದಿದ್ದಾರೆ.”

“ಅಂದ್ರೆ ಪಕ್ಕದಲ್ಲೇ ಕೂತು ಕಾದಿದ್ದಾರೆ. ಕಾಯೋವಾಗ ಬೇಜಾರಾಗಿ ಒಂದು ಕಿತ್ತಳೆ ತಿಂದಿದ್ದಾರೆ,” ಎಂದರು ಹಾಲಿಜಾ. “ಬಾ, ಟೌಕೇನ ನೋಡೋಣ.”

ಮುಂದಿನ ಹಾಲಿನಲ್ಲಿ ಮಾಲೀಕ ಖೂ ಬೂನ್ ಟೆಕ್ ದೇವರ ಪೀಠದ ಮುಂದೆ ಊದುಬತ್ತಿ ಸಿಗಿಸುತ್ತಿದ್ದರು. ಅರವತ್ತೆಂಟರ ಗಟ್ಟಿ ಮುದುಕ. ಹೊರಗೆ ಸಿಂಹದ ತಂಡ ಬಂದಿಳಿದು ಡೋಲಿಗೆ ಚರ್ಮ ಬಿಗಿಯುತ್ತಿತ್ತು. ಬಾಗಿಲ ಎರಡೂ ಕಡೆ ಖೂ ಸ್ವಂತ ಕೈಯಿಂದ ಬರೆದ ಶುಭದ ಸಾಲುಗಳು, ಕೆಂಪು ಕಾಗದದ ಮೇಲೆ ಕುಂಚದ ದಪ್ಪ ಕಪ್ಪಕ್ಷರ.

“ಬನ್ನಿ ಪುವಾನ್, ಅನಾನಸ್ ಬಿಸ್ಕತ್ತು ತಗೊಳ್ಳಿ. ಹಬ್ಬದ ದಿನ ಮುಖ ಗಂಟು ಹಾಕ್ಕೋಬಾರದು.”

“ಕಿತ್ತಳೆ ಇದ್ರೆ ಸಾಕು, ಟೌಕೆ.”

“ಪೀಠದ ಮೇಲಿರೋದು ಕೇಳಬೇಡಿ, ಅದು ದೇವರದ್ದು. ಒಂಬತ್ತನೇ ದಿನದವರೆಗೂ ಯಾರಿಗೂ ಕೊಡಲ್ಲ. ಹನ್ನೆರಡಕ್ಕೂ ನಮ್ಮಪ್ಪನ ಮೊಹರು ನಾನೇ ಒತ್ತಿದ್ದೀನಿ.”

ತಟ್ಟೆಯಲ್ಲಿದ್ದ ಪ್ರತಿ ಹಣ್ಣಿನ ಮೇಲೂ ಉಗುರಗಲದ ಕೆಂಪು ಮೊಹರಿನ ಚೀಟಿ. ಹಾಲಿಜಾ ತಟ್ಟೆಯನ್ನು ಒಮ್ಮೆ ನೋಡಿ ಆ ಮಾತನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಗೋಡೆಯ ಬಿಳಿ ಹಲಗೆಯತ್ತ ತಿರುಗಿದರು. ‘ಬಾಕಿ ಆರ್ಡರುಗಳು’ ಎಂದು ಮೇಲೆ, ಕೆಳಗೆ ದೊಡ್ಡದೊಂದು ಸೊನ್ನೆ.

“ಸ್ವೀ ಗೇಕ್, ನೀನು ಹೋಗೋವಾಗ ಇದು ಎಷ್ಟಿತ್ತು?”

“ಒಂದು, ಪುವಾನ್. ನೀಲಿ ಪೆನ್ನಲ್ಲಿ ನಾನೇ ಬರೆದಿದ್ದೆ.”

“ಈ ಸೊನ್ನೆ ಪೆನ್ನಿನದ್ದಲ್ಲ. ಕುಂಚದ್ದು. ಶುರುವಾದಲ್ಲಿ ದಪ್ಪ, ಮುಗಿಯೋವಾಗ ಸಣ್ಣ ಬಾಲ. ಬಾಗಿಲ ಮೇಲಿನ ಅಕ್ಷರಗಳಿಗೂ ಇಂಥದೇ ಬಾಲ ಇದೆ.” ಹಾಲಿಜಾ ಕುರ್ಚಿ ಎಳೆದುಕೊಂಡು ಖೂ ಎದುರು ಕೂತರು. “ಹಬ್ಬದ ಹಿಂದಿನ ದಿನ ಮೂರೂಕಾಲಿಗೆ ಎಲ್ಲಿದ್ರಿ ಟೌಕೆ?”

“ಮನೇಲಿ. ಮಕ್ಕಳು, ಮೊಮ್ಮಕ್ಕಳು, ಊಟದ ಗಲಾಟೆ.”

“ಊಟಕ್ಕೆ ಕೂತಿದ್ದು ಆರಕ್ಕೆ. ನಿಮ್ಮ ಸೊಸೇನ ಬೆಳಿಗ್ಗೆ ಫೋನಲ್ಲಿ ಕೇಳಿದೆ.”

ಹೊರಗೆ ಯಾರೋ ಡೋಲನ್ನು ಒಮ್ಮೆ ತಟ್ಟಿ ನೋಡಿದರು.

“ಸಿಂಹ ಬಾಗಿಲಲ್ಲಿದೆ,” ಎಂದರು ಖೂ.

“ಕಾಯಲಿ. ಸಿಂಹದೊಳಗಿರೋರು ಸಿಗರೇಟು ಸೇದ್ತಿದ್ದಾರೆ, ಅವರಿಗೂ ಪುರುಸೊತ್ತು ಬೇಕು. ಉದ್ಯೋಗಿಗಳ ಕಾರ್ಡೆಲ್ಲ ರಜೇಲಿ ನಿಮ್ಮ ಡ್ರಾಯರಲ್ಲೇ ಇರುತ್ತೆ ಅಲ್ವಾ?”

“ನನ್ನ ಕಂಪನಿ, ನನ್ನ ಡ್ರಾಯರು.”

“ನಿಮ್ಮ ಕಂಪನಿ, ನಿಮ್ಮ ಡ್ರಾಯರು. ಜೈಲು ಮಾತ್ರ ಇವಳದ್ದಾ?”

ಮುದುಕರ ಮುಖ ಕೆಂಪೇರಿತು. ಸ್ವೀ ಗೇಕಳನ್ನು ನೋಡಲು ಹೋಗಿ ನೋಡಲಾರದೆ ಹಲಗೆಯ ಸೊನ್ನೆಯನ್ನು ನೋಡಿದರು.

“ಮೂವತ್ತೊಂದು ವರ್ಷ,” ಎಂದರು. “ಮೂವತ್ತೊಂದು ಹೊಸ ವರ್ಷ ಆ ಹಲಗೆ ಮೇಲೆ ಸೊನ್ನೆ ಇತ್ತು. ಬಾಕಿ ಕೆಲಸ ಹೊತ್ಕೊಂಡು ಹೊಸ ವರ್ಷಕ್ಕೆ ಕಾಲಿಟ್ರೆ ವರ್ಷಪೂರ್ತಿ ಬಾಕೀನೇ. ಒಂದೇ ಒಂದು ಉಳಿದಿತ್ತು. ನಾನು ಇವಳ ಕಾರ್ಡು ಉಜ್ಜಿ ಹಸಿರು ಗುಂಡಿ ಒತ್ತಿದೆ. ಪಟ್ಟಿಯಿಂದ ಹೋಗುತ್ತೆ, ರಜೆ ಮುಗಿದ ಮೇಲೆ ಇವಳು ಮತ್ತೆ ನೋಡ್ತಾಳೆ ಅಂದ್ಕೊಂಡೆ. ಮಿಷನ್ ತಾನಾಗೇ ಶುರು ಮಾಡುತ್ತೆ ಅಂತ ನನಗೆ ಯಾರು ಹೇಳಿದ್ರು?”

“ನಾನು ಹೇಳಿದ್ದೆ ಟೌಕೆ,” ಎಂದಳು ಸ್ವೀ ಗೇಕ್ ಮೆಲ್ಲಗೆ. “ಮೂರು ಸಲ.”

ಖೂ ಎದ್ದು ನಿಂತರು. ಅಷ್ಟು ವರ್ಷ ಯಾರ ಮುಂದೆಯೂ ಬಾಗದ ಬೆನ್ನು ಆ ಹುಡುಗಿಯ ಮುಂದೆ ಸ್ವಲ್ಪ ಬಾಗಿತು. “ನನ್ನ ಹೆಸರು ಬರ್ಕೊಳ್ಳಿ,” ಎಂದರು ನನಗೆ. ನನಗೆ ಅವರ ಮೇಲೆ ಬಂದಿದ್ದ ಸಿಟ್ಟು ಅರ್ಧ ಇಳಿದುಹೋಯಿತು.

“ಬರ್ಕೋತಾನೆ. ಆದ್ರೆ ಅದು ಅರ್ಧ ಉತ್ತರ,” ಎಂದರು ಹಾಲಿಜಾ. “ನೀವು ಬಾಗಿಲು ತೆಗೆದ್ರಿ. ಒಳಗೆ ಬಂದವನು ಬೇರೆ. ನಿಮ್ಮ ಹಲಗೆ ಮೇಲೆ ಸೊನ್ನೆ ಬರಲೇಬೇಕು ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಕೊನೇ ದಿನ ಹನ್ನೊಂದಕ್ಕೆ ಆರ್ಡರ್ ಕಳಿಸಿದ.”

“ಹಾಗಾದ್ರೆ ಒಳಗಿನವರೇ,” ಎಂದ ಚಿಯಾ. ಅವನ ಕಣ್ಣು ಮತ್ತೆ ಸ್ವೀ ಗೇಕಳ ಕಡೆ ಹೋಯಿತು.

“ಅಲ್ಲ. ಒಳಗಿನವರಾಗಿದ್ರೆ ಸಿಪ್ಪೆ ಜೇಬಿಗೆ ಹಾಕ್ಕೊಂಡು ಹೋಗ್ತಿದ್ರು. ಟೌಕೆ ಸಿಂಹ ಕುಣಿಯೋವರೆಗೂ ಪೊರಕೆ ಮುಟ್ಟಿಸಲ್ಲ ಅಂತ ಇಲ್ಲಿ ನಿಮಗೆಲ್ಲ ಗೊತ್ತು. ಅವನು ಮಾಮೂಲಿ ಆಫೀಸು ಅಂದ್ಕೊಂಡ. ಬೆಳಗಾದ್ರೆ ಆಯಾ ಬಂದು ಬುಟ್ಟಿ ಖಾಲಿ ಮಾಡ್ತಾಳೆ ಅಂದ್ಕೊಂಡ. ಇವರ ಲೆಕ್ಕಾಚಾರ ಗೊತ್ತು, ಇವರ ಆಚಾರ ಪೂರ್ತಿ ಗೊತ್ತಿಲ್ಲ. ಬಂದು ಹೋಗೋ ಮನುಷ್ಯ.”

ಸ್ವೀ ಗೇಕ್ ಗೋಡೆಗೆ ಒರಗಿಕೊಂಡಳು. ಬೆಳಗಿನಿಂದ ಅವಳು ಸರಿಯಾಗಿ ಉಸಿರಾಡಿದ್ದು ಅದೇ ಮೊದಲಿರಬೇಕು.

ಹಾಲಿಜಾ ಪೀಠದತ್ತ ಬೆರಳು ತೋರಿದರು. “ಟೌಕೆ, ಹನ್ನೆರಡು ಅಂದ್ರಿ. ಹತ್ತೇ ಇದೆ.”

ಖೂ ತಿರುಗಿ ಎಣಿಸಿದರು. ಮತ್ತೆ ಎಣಿಸಿದರು. ಪೊಟ್ಟಣ ಹೋದದ್ದಕ್ಕಿಂತ ಹೆಚ್ಚಿನ ಗಾಬರಿ ಅವರ ಮುಖದಲ್ಲಿ ಕಂಡಿತೆಂದರೆ ತಪ್ಪಿಲ್ಲ.

ಕಾವಲುಗಾರ ಧನ್ ಬಹಾದುರ್ ಘಲೆಯನ್ನು ಕರೆಸಿದರು. ನೇಪಾಳದವನು, ಈ ಕೆಲಸಕ್ಕೆ ಸೇರಿ ಒಂದು ತಿಂಗಳು. ಪ್ರಶ್ನೆ ಮುಗಿಯುವ ಮೊದಲೇ ಒಪ್ಪಿಕೊಂಡ.

“ನಿನ್ನೆ ಹತ್ತು ಗಂಟೆಗೆ ಒಬ್ಬರು ಬಂದ್ರು ಮೇಡಂ. ಟೌಕೆಗೆ ಹಬ್ಬದ ಕಿತ್ತಳೆ ಕೊಡಬೇಕು, ಹಾಗೇ ಒಂದು ಮಿಷನ್ ನೋಡಬೇಕು ಅಂದ್ರು. ಟೋಪಿ, ಮಾಸ್ಕು, ಕೈಯಲ್ಲಿ ಕೆಂಪು ಚೀಲ. ನನಗೂ ಎರಡು ಹಣ್ಣು ಕೊಟ್ರು.”

“ಗುರುತಿನ ಚೀಟಿ ಕೇಳಲಿಲ್ವಾ?”

“ಹಬ್ಬದಲ್ಲಿ ಎರಡು ಕೈಯಲ್ಲೂ ಕಿತ್ತಳೆ ಹಿಡ್ಕೊಂಡು ಬಂದವರನ್ನ ಚೀಟಿ ಕೇಳ್ತಾರಾ ಮೇಡಂ? ಒಳಗೆ ಬಿಡು ಅಂತಾನೇ ಎಲ್ಲರೂ ಹೇಳ್ಕೊಟ್ಟಿದ್ದು. ಹೋಗೋವಾಗ ಬರಿಗೈಲಿ ಕಳಿಸಬಾರದು, ಎರಡು ವಾಪಸ್ ಕೊಡಬೇಕು ಅಂತಾನೂ ಹೇಳ್ಕೊಟ್ಟಿದ್ರು. ಅವರು ಕೊಟ್ಟಿದ್ದನ್ನೇ ವಾಪಸ್ ಕೊಡೋಕಾಗುತ್ತಾ? ಟೌಕೆ ರೂಮಿಗೆ ಬೀಗ. ಅದಕ್ಕೆ ಆ ತಟ್ಟೆಯಿಂದ ಎರಡು ತೆಗೆದು ಅವರ ಚೀಲಕ್ಕೆ ಹಾಕಿದೆ. ಬೇಡ ಬೇಡ ಅಂದ್ರು, ನಾನು ಬಿಡಲಿಲ್ಲ.”

ಖೂ ಕಣ್ಣು ಮುಚ್ಚಿಕೊಂಡರು. ಹಾಲಿಜಾ ಮಾತ್ರ ನಕ್ಕರು. ಆ ನಗು ನನಗೆ ಗೊತ್ತು, ಕೇಸು ಕೈಗೆ ಸಿಕ್ಕಾಗಿನ ನಗು.

“ಶಾಭಾಷ್ ಘಲೆ. ಈ ಊರಿನಲ್ಲಿ ಕಿತ್ತಳೆ ಲಕ್ಷ ಇರಬಹುದು. ಖೂ ಅಪ್ಪನ ಮೊಹರು ಇರೋದು, ಹೊರಗೆ, ಎರಡೇ ಎರಡು. ನಾವು ಹುಡುಕಬೇಕಾಗಿರೋದು ಪೊಟ್ಟಣ ಅಲ್ಲ ತವಾ, ಹಣ್ಣು.”

ಕ್ಯಾಮೆರಾದಲ್ಲಿ ಟೋಪಿಯ ಅಂಚು ಬಿಟ್ಟರೆ ಕೆಂಪು ಚೀಲವೊಂದೇ ಕಂಡಿತು. ನಾವು ಹೊರಡುವಾಗ ಸಿಂಹ ಕುಣಿಯುತ್ತಿತ್ತು. ಸ್ವೀ ಗೇಕ್ ಮೆಟ್ಟಿಲವರೆಗೂ ಬಂದು, “ನನ್ನ ಹೆಸರು ಬರೆಯಲ್ಲ ತಾನೆ?” ಎಂದಳು.

“ನಿಜ ಏನಿದೆಯೋ ಅದೇ ಬರೀತೀನಿ,” ಎಂದೆ. ಆಗ ನನ್ನ ಧೈರ್ಯ ಹಾಗಿತ್ತು.

ಆಫೀಸು ತಲುಪಿದಾಗ ನಾಲ್ಕೂವರೆ ದಾಟಿತ್ತು. ಡಾಕ್ಟರ್ ಯೆಯಾಪ್ ವರದಿಯ ಹಾಳೆಗಳನ್ನು ಆಗಲೇ ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಹೆಸರಿನ ಜಾಗ ಮಾತ್ರ ಖಾಲಿ.

“ಓಂಗ್ ಸ್ವೀ ಗೇಕ್. ಬರೆದು ಸಹಿ ಹಾಕಿ. ಇಷ್ಟಕ್ಕೆ ಇಡೀ ದಿನ ಬೇಕಿತ್ತಾ?”

ಹಾಲಿಜಾ ಮೇಜಿನ ಮೂಲೆಯ ಗಾಜಿನ ಬಟ್ಟಲನ್ನು ನೋಡುತ್ತಿದ್ದರು. ನಾನೂ ನೋಡಿದೆ.

ಬಟ್ಟಲಲ್ಲಿ ಎರಡು ಕಿತ್ತಳೆ. ಎರಡರ ಮೇಲೂ ಉಗುರಗಲದ ಕೆಂಪು ಮೊಹರು.

“ಚೆಂದದ ಹಣ್ಣು ಸಾರ್,” ಎಂದರು ಹಾಲಿಜಾ. “ಯಾರು ಕೊಟ್ರು?”

“ಇದೇನು ಕೇಳ್ತೀರಿ? ಬೆಳಿಗ್ಗೆ ನಿಮ್ಮ ತವಮಣೀನೇ ತಂದಿಟ್ಟ.”

ಇಲ್ಲ ಎನ್ನುವಂತಿರಲಿಲ್ಲ. ಅದು ನಿಜ. ಈ ಊರಿನಲ್ಲಿ ಹಬ್ಬದ ಕಿತ್ತಳೆಯನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಒಬ್ಬರು ಕೊಟ್ಟ ಕೆಂಪು ಚೀಲವನ್ನು ಗಂಟು ಸಹ ಸಡಿಲಿಸದೆ ಇನ್ನೊಬ್ಬರಿಗೆ ದಾಟಿಸುತ್ತೇವೆ. ನಾನೂ ಅದನ್ನೇ ಮಾಡಿದ್ದೆ.

ನಿನ್ನೆ ಸಂಜೆ ಅಣ್ಣ ಮನೆಗೆ ಬಂದಿದ್ದ. ಕೂರಲಿಲ್ಲ, ಕಾಫಿ ಬೇಡವೆಂದ, ಚೀಲ ಕೈಗಿಟ್ಟು, “ನಿನಗೇ ತಂದಿದ್ದು” ಎಂದು ಹೇಳಿ ಹೊರಟುಹೋದ. ಚಿಕ್ಕಂದಿನಲ್ಲಿ ಅವನು ನನಗೆ ಕಿತ್ತಳೆ ಸುಲಿದು ಕೊಡುತ್ತಿದ್ದ. ಸಿಪ್ಪೆ ಎಲ್ಲೂ ಹರಿಯದೆ ಒಂದೇ ಸುರುಳಿಯಾಗಿ ಬಂದರೆ ಅದನ್ನು ನನ್ನ ಕೊರಳಿಗೆ ಹಾಕಿ ನಗುತ್ತಿದ್ದ. ಬೆಳಿಗ್ಗೆ ನೆನಪಾಗದೆ ಉಳಿದಿದ್ದ ಆ ಕೈ ಈಗ ನೆನಪಾಯಿತು.

ಹಾಲಿಜಾ ನನ್ನ ಮುಖ ನೋಡಿದರು. ಹಾಳೆಯನ್ನು ನನ್ನ ಕಡೆ ಸರಿಸಿ, ಅದರ ಮೇಲೆ ಪೆನ್ನಿಟ್ಟರು.

“ನಿನಗೆ ಯಾರು ಕೊಟ್ಟಿದ್ದು, ತವಾ?”

ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷ. ಸ್ವೀ ಗೇಕ್ ಹೇಳಿದ್ದು ನಿಜವಲ್ಲ. ಬರೆಯುವಾಗ ನೋಯುವುದು ಕೈಯಲ್ಲ. ಆದರೂ ಬರೆದೆ, ಒಂದು ಚಿತ್ತೂ ಇಲ್ಲದಂತೆ, ಸ್ಪಷ್ಟವಾಗಿ: ಕದಿರೇಶನ್.

ಆಗಲೇ ನನ್ನ ಫೋನು ಬಡಿದುಕೊಂಡಿತು. ಪರದೆಯ ಮೇಲೆ ‘ಅಣ್ಣ’. ನಾನು ಮುಟ್ಟುವ ಮೊದಲು ಹಾಲಿಜಾ ಅದನ್ನೆತ್ತಿ ಸ್ಪೀಕರ್ ಒತ್ತಿ ಮೇಜಿನ ಮಧ್ಯೆ ಇಟ್ಟರು.

“ತಂಬಿ,” ಎಂದ ಅಣ್ಣ. ಏದುಸಿರು ಬಿಡುತ್ತಿದ್ದ. “ಚೀಲದ ತಳ ನೋಡಿದ್ಯಾ? ಕಿತ್ತಳೆ ಕೆಳಗೆ ಒಂದು ಪೊಟ್ಟಣ ಇದೆ. ಅದು ತರೋಕೆ ನನ್ನ ಕಳಿಸಿದವರ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ ಕಣೋ, ಅದಕ್ಕೇ ನಿನಗೆ ಕೊಟ್ಟೆ. ನಿನ್ನ ಇನ್ಸ್‌ಪೆಕ್ಟರಮ್ಮನಿಗೆ ಒಪ್ಪಿಸಿಬಿಡು. ಒಂದು ಮಾತು ನೆನಪಿರಲಿ, ನಿಮ್ಮ ಯೆಯಾಪ್ ಸಾಹೇಬರ ಕಣ್ಣಿಗೆ ಮಾತ್ರ ಅದು ಬೀಳಬಾರದು.”

ಫೋನು ಕಡಿದುಹೋಯಿತು.

ಹಾಲಿಜಾ ನಿಧಾನವಾಗಿ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿದರು. ನಾನು ಮೇಜಿನ ಮೇಲೆ, ಮೇಜಿನ ಕೆಳಗೆ, ಕುರ್ಚಿಯ ಪಕ್ಕದಲ್ಲಿ ನೋಡಿದೆ. ಬಟ್ಟಲಲ್ಲಿ ಎರಡು ಕಿತ್ತಳೆ ಇದ್ದವು. ಬೆಳಿಗ್ಗೆ ನಾನೇ ಯೆಯಾಪರ ಮೇಜಿನ ಮೇಲಿಟ್ಟ ಕೆಂಪು ಚೀಲ ಎಲ್ಲೂ ಇರಲಿಲ್ಲ.